ಎಂಜಿನ್ನಿಗೆ ನೀರೆರೆದ ಸೋಮವಾರಗಳು

ನಮ್ಮ ಎಂಜಿನ್ನಿಗೆ ತುಕ್ಕು ಹಿಡಿಸಿದವಳು ನಾನು. ಮಳೆಯಲ್ಲ, ಯಾರ ಕಣ್ಣೂ ಅಲ್ಲ, ಆಳಿನ ಮೈಗಳ್ಳತನವಂತೂ ಅಲ್ಲವೇ ಅಲ್ಲ. ಪ್ರತಿ ಸೋಮವಾರ ಅದರ ತಲೆಯ ಮೇಲೆ ಐದು ಕೊಡ ನೀರು ಸುರಿದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ವಿಭೂತಿ ಎಳೆದು, ಮೈ ಹಸಿ ಇರುವಾಗಲೇ ಎತ್ತಿಗೆ ಹೊದಿಸುವ ಝೂಲು ಹಾಕಿ ನಾನೇ ಅದನ್ನು ಕೆಡಿಸಿದೆ. ಬೈಗುಳ ತಿಂದವನು ಬೇರೆಯವನು. ದೀಪಾವಳಿಯಿಂದ ಯುಗಾದಿಯವರೆಗೆ, ಐದು ತಿಂಗಳು ತಿಂದ.

ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯುತ್ತದೆ ಎಂದು ಯಾರೂ ನನಗೆ ಕಲಿಸಿರಲಿಲ್ಲ. ಕಲಿಸಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹುನಗುಂದದ ಆಚೆ, ಕಪ್ಪು ಎರೆಯ ಹೊಲ ನಮ್ಮದು. ಬಾವಿಯ ಪಂಪು ನಡೆಸುವ ಡೀಸೆಲ್ ಎಂಜಿನ್ನು ಬಂದದ್ದು ಎಪ್ಪತ್ತರ ದಶಕದಲ್ಲಿ, ನನ್ನ ಎರಡನೆಯ ಮಗಳು ತೊಟ್ಟಿಲಲ್ಲಿದ್ದಾಗ. ಅಲ್ಲಿಯವರೆಗೆ ಬಾವಿಯಿಂದ ನೀರೆತ್ತಿದ್ದು ಎತ್ತುಗಳು. ಆ ಬಾವಿಯ ನೀರು ಸವಳು. ಬಾಯಿಗೆ ಹಾಕಿಕೊಂಡರೆ ನಾಲಿಗೆಯ ಮೇಲೆ ಉಪ್ಪು ನಿಲ್ಲುತ್ತಿತ್ತು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಚಹಾಕ್ಕಿಟ್ಟರೆ ಹಾಲು ಒಡೆಯುತ್ತಿತ್ತು. ಕುಡಿಯುವುದಕ್ಕೆ ಹಳ್ಳದ ಉಸುಕಿನಲ್ಲಿ ತೋಡಿದ ವರತಿಯ ನೀರೇ ಆಗಬೇಕು. ಗೋದಿಗೆ, ಹತ್ತಿಗೆ ಮಾತ್ರ ಬಾವಿಯ ನೀರು ಹೇಗೋ ನಡೆಯುತ್ತಿತ್ತು.

ಅಂಥ ನೆಲದಲ್ಲಿ ಕಬ್ಬಿಣ ಬಾಳುವುದಿಲ್ಲ. ಬಾವಿಯ ಸರಪಳಿ ಎರಡು ವರ್ಷಕ್ಕೆ ಪದರು ಪದರಾಗಿ ಉದುರುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ಮರೆತ ಕುಡುಗೋಲು ಮುಂದಿನ ವರ್ಷ ಸಿಕ್ಕರೆ ಕೈಯಲ್ಲಿ ಹಿಡಿಯ ಮರವಷ್ಟೇ ಬರುತ್ತಿತ್ತು. ಇದನ್ನೆಲ್ಲ ನಾನು ದಿನಾ ನೋಡಿದ್ದೆ. ನೋಡಿಯೂ ಒಂದಕ್ಕೊಂದು ಕೂಡಿಸಿ ಯೋಚಿಸಿರಲಿಲ್ಲ.

ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಅಂದು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ ಬಿಟ್ಟುಬಿಡುತ್ತಾರೆ. ಎಂಜಿನ್ನು ಬಂದ ಮೊದಲ ವಾರವೇ ನಮ್ಮ ಮನೆಯಲ್ಲಿ ಪ್ರಶ್ನೆ ಎದ್ದಿತು: ಇದನ್ನು ಸೋಮವಾರ ಓಡಿಸಬೇಕೋ ಬೇಡವೋ? ನನ್ನ ಗಂಡ, ಇದು ಯಂತ್ರ, ಇದಕ್ಕೇನು ವಾರ ಎಂದ. ಮನೆಯಲ್ಲಿ ಮಾತು ನಡೆಯುತ್ತಿದ್ದುದು ಅತ್ತೆಯದು. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಒಬ್ಬಳೇ ಒಕ್ಕಲುತನ ಮಾಡಿಸಿದ ಹೆಂಗಸು. ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಹೇಳಿದಳು:

"ಎತ್ತಿನ ಕೆಲಸ ಮಾಡತೈತಿ ಅಂದ ಮ್ಯಾಲ ಎತ್ತಿನ ಮರ್ಯಾದಿನೂ ಅದಕ್ಕ ಕೊಡಬೇಕು. ಸೋಮವಾರ ಮುಟ್ಟಬ್ಯಾಡ್ರಿ ಅದನ್ನ. ಮೈ ತೊಳೀರಿ, ಪೂಜಿ ಮಾಡ್ರಿ, ಬಿಡ್ರಿ."

ಹಾಗೆ ಶುರುವಾಯಿತು. ಸೋಮವಾರ ಮುಂಜಾನೆ ನಾನೂ ಅತ್ತೆಯೂ ಬಾವಿಗೆ ಹೋಗುತ್ತಿದ್ದೆವು. ನಾನು ನೀರು ಸೇದಿ ಕೊಡುತ್ತಿದ್ದೆ, ಅತ್ತೆ ಮಂತ್ರ ಹೇಳಿದಂತೆ ಏನೋ ಗೊಣಗುತ್ತ ಅದರ ಮೇಲೆ ಸುರಿಯುತ್ತಿದ್ದಳು. ಎರಡು ತಿಂಗಳಿಗೆ ಆಕೆಯ ಮೊಣಕಾಲು ಹಿಡಿದುಕೊಂಡಿತು, ಕೆಲಸ ಪೂರ್ತಿ ನನ್ನ ಪಾಲಿಗೆ ಬಂತು. ಅಲ್ಲಿಂದ ಮುಂದಿನದು ನನ್ನ ಬುದ್ಧಿ. ಬರೀ ನೀರು ಹೊಯ್ದರೆ ಅದರ ಎಣ್ಣೆಜಿಡ್ಡು ಹೋಗುತ್ತಿರಲಿಲ್ಲ. ದೇವರ ತಂಬಿಗೆ, ದೀಪದ ಸಮೆ ತಿಕ್ಕುವ ಹುಣಸೆಹಣ್ಣನ್ನೇ ಉಪ್ಪು ಸೇರಿಸಿ ಹಚ್ಚಿದೆ. ಎಂಜಿನ್ನಿನ ಎರಡು ದೊಡ್ಡ ಗಾಲಿಗಳ ಅಂಚು ಬೆಳ್ಳಿಯ ಹಾಗೆ ಬೆಳಗಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಶಿರೂರಿನಿಂದ ಬಂದ ಬೀಗರು, ಇಂಥ ಎಂಜಿನ್ನು ಬಾಗಲಕೋಟೆಯ ಅಂಗಡಿಯಲ್ಲೂ ನೋಡಿಲ್ಲ ಎಂದರು. ನನಗೆ ಹೊಗಳಿಕೆ ಹೊಸದು. ರೊಟ್ಟಿ ಬಡಿದವಳನ್ನು, ಕೂಸು ಹೆತ್ತವಳನ್ನು ಯಾರು ಹೊಗಳುತ್ತಾರೆ? ನಾನು ಇನ್ನಷ್ಟು ತಿಕ್ಕಿದೆ.

ಎಂಜಿನ್ನಿನ ತಲೆಯ ಮೇಲೆ ಹೊಗೆಕೊಳವೆ ನೆಟ್ಟಗೆ ನಿಂತಿತ್ತು. ಅದರ ಬಾಯಿಗೆ ಹಾಲಿನ ಪುಡಿಯ ಹಳೆಯ ಡಬ್ಬಿಯೊಂದನ್ನು ಬೋರಲು ಹಾಕಿರುತ್ತಿದ್ದರು. ಮಸಿ ಹಿಡಿದ ಆ ಡಬ್ಬಿ ಪೂಜೆಗೆ ಸರಿ ಕಾಣುತ್ತಿರಲಿಲ್ಲ. ನೀರೆರೆಯುವ ಮೊದಲು ಅದನ್ನು ತೆಗೆದು ಬದಿಗಿಡುತ್ತಿದ್ದೆ. ಎಲ್ಲ ಮುಗಿದ ಮೇಲೆ ಮತ್ತೆ ಇಟ್ಟು, ಮೇಲೆ ಎತ್ತಿನ ಝೂಲು ಹೊದಿಸಿ ಮನೆಗೆ ಬರುತ್ತಿದ್ದೆ. ಇಷ್ಟೇ ನನ್ನ ಅಪರಾಧ. ನೋಡಿದರೆ ಎಷ್ಟು ಸಣ್ಣದು.

ಡಬ್ಬಿ ಹಾಕುತ್ತಿದ್ದವನು ನಮ್ಮ ಎಂಜಿನ್ನಿನ ಆಳು. ಬೀರಪ್ಪ ದೇವರ ಒಕ್ಕಲು, ಕುರಿ ಕಾಯ್ದ ಮನೆತನ. ಪ್ರಾಯ ನನ್ನ ಗಂಡನಷ್ಟೇ. ಎಂಜಿನ್ನು ಇಳಿಸಲು ಬಂದ ಮಿಸ್ತ್ರಿಯ ಹಿಂದೆ ಎರಡು ದಿನ ತಿರುಗಿ, ಬಿಚ್ಚುವುದು ಕೂಡಿಸುವುದು ಎಲ್ಲ ನೋಡಿ ಕಲಿತುಬಿಟ್ಟಿದ್ದ. ಕುರಿಯ ಕಾಲಿಗೆ ಏನಾಗಿದೆ ಎಂದು ನಡಿಗೆಯಿಂದಲೇ ಹೇಳುವ ಹಾಗೆ ಎಂಜಿನ್ನಿನ ಸದ್ದಿನಿಂದ ಅದರ ಕುಂದು ಹೇಳುತ್ತಿದ್ದ. ಮಾತು ಕಡಿಮೆ. ಒಂದು ಕಂಬಳಿ ಚೂರನ್ನು ಕರಿ ಎಣ್ಣೆಯಲ್ಲಿ ತೋಯಿಸಿ ದಿನಾ ಸಂಜೆ ಎಂಜಿನ್ನಿನ ಮೈ ಒರೆಸುತ್ತಿದ್ದ. ಸೋಮವಾರ ಎಂಜಿನ್ನಿಗೆ ರಜೆ ಎಂದರೆ ಅವನಿಗೂ ರಜೆ. ಅಂದು ಅವನು ಹೊಲದ ಕಡೆ ಬರುತ್ತಿರಲಿಲ್ಲ.

ಮಂಗಳವಾರ ಬಂದು ನೋಡಿದರೆ ಅವನ ಎಣ್ಣೆಯೆಲ್ಲ ಹುಣಸೆಹಣ್ಣಿಗೆ ಕಿತ್ತು ಹೋಗಿರುತ್ತಿತ್ತು. ಒಂದು ಸಲ ಅತ್ತೆಯ ಮುಂದೆ ನಿಂತು ಹೇಳಿದ: "ಅವ್ವಾರ, ಇದಕ್ಕ ನೀರು ಬ್ಯಾಡ್ರಿ. ಒಂದೀಟು ಎಣ್ಣಿ ಒರಸ್ರಿ ಸಾಕು." ಅತ್ತೆ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ನೀ ಮೈ ತೊಳಕೊಳ್ಳೂದು ಯುಗಾದಿಗೊಮ್ಮೆ, ನಿನಗೇನು ತಿಳೀತೈತಿ" ಎಂದಳು. ಅವನು ನಕ್ಕ. ಮತ್ತೆ ಆ ಮಾತು ತೆಗೆಯಲಿಲ್ಲ. ಮಂಗಳವಾರ ಎಂಜಿನ್ನು ಮಾತು ಕೇಳುವುದಿಲ್ಲ ಎಂದು ಮಾತ್ರ ಆಗಾಗ ಅನ್ನುತ್ತಿದ್ದ. ಹ್ಯಾಂಡಲ್ ಹತ್ತು ಸಲ ತಿರುಗಿಸಿದರೆ ಬಿಳಿ ಹೊಗೆ ಕೆಮ್ಮಿ ನಿಲ್ಲುತ್ತಿತ್ತು. ಒಂದು ದಿನ ಮಲಗಿದ ಎತ್ತೂ ಮರುದಿನ ಹಾಗೆಯೇ ಸೋಮಾರಿತನ ಮಾಡುತ್ತದೆ ಎಂದು ಅತ್ತೆ ಕಾರಣ ಹೇಳಿದಳು. ನಾವೆಲ್ಲ ಹೌದೆಂದೆವು.

ಶ್ರಾವಣದಲ್ಲಿ ಸೋಮವಾರಕ್ಕೆ ಇನ್ನೂ ಹೆಚ್ಚಿನ ಮಾನ. ನಾನು ಒಂಬತ್ತು ಕೊಡ ಹೊಯ್ದೆ. ಆಮೇಲೆ ಮಳೆ ಚೆನ್ನಾಗಿ ಹಿಡಿಯಿತು, ಬಾವಿಯ ನೀರು ಬೇಕಾಗಲಿಲ್ಲ. ಎರಡು ತಿಂಗಳು ಎಂಜಿನ್ನು ಸುಮ್ಮನೆ ನಿಂತಿತ್ತು. ನಾಲ್ಕು ಕಂಬದ ಮೇಲಿನ ತಗಡಿನ ಕೆಳಗೆ, ಝೂಲು ಹೊದ್ದುಕೊಂಡು. ಸೋಮವಾರದ ಸ್ನಾನ ಮಾತ್ರ ಒಂದೂ ತಪ್ಪಲಿಲ್ಲ.

ದೀಪಾವಳಿ ಮುಗಿದು ಗೋದಿಗೆ ನೀರು ಬಿಡಬೇಕೆಂದು ಹೋದರೆ ಹ್ಯಾಂಡಲ್ ತಿರುಗಲಿಲ್ಲ. ಆಳು ತಿರುಗಿಸಿದ, ನನ್ನ ಗಂಡ ತಿರುಗಿಸಿದ, ಇಬ್ಬರೂ ಕೂಡಿ ಹಗ್ಗ ಕಟ್ಟಿ ಎಳೆದರು. ಗಾಲಿ ನೆಲಕ್ಕೆ ಬೇರು ಬಿಟ್ಟ ಹಾಗೆ ನಿಂತಿತ್ತು. ಕೊನೆಗೆ ಎಂಜಿನ್ನನ್ನೇ ಬಿಚ್ಚಿ, ಬಂಡಿಯಲ್ಲಿ ಹುನಗುಂದಕ್ಕೆ, ಅಲ್ಲಿಂದ ಲಾರಿಯಲ್ಲಿ ಬಾಗಲಕೋಟೆಗೆ ಒಯ್ದರು. ಗಂಡ ಮೂರು ದಿನ ಅಲ್ಲೇ ಇದ್ದು ಬಂದ. ಬಂದವನ ಮುಖ ಕೆಂಪಾಗಿತ್ತು.

ಮಿಸ್ತ್ರಿ ಎಂಜಿನ್ನಿನ ತಲೆ ಬಿಚ್ಚಿ ತೋರಿಸಿದನಂತೆ. ಒಳಗಿನ ಕೊಳವೆ, ಅದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ನು, ಎರಡೂ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಹೊಗೆಕೊಳವೆಯಿಂದ ನೀರು ಒಳಗಿಳಿದಿದೆ, ಬಾಯಿ ಮುಚ್ಚದೆ ಬಿಟ್ಟವರು ಯಾರು ಎಂದು ಮಿಸ್ತ್ರಿ ಕೇಳಿದನಂತೆ. ಬಾಯಿ ಮುಚ್ಚುವ ಕೆಲಸ ಆಳಿನದು. ಆ ವರ್ಷ ಮಳೆಯೂ ಜೋರು, ತಗಡೂ ಒಂದು ಮೂಲೆಯಲ್ಲಿ ಸೋರುತ್ತಿತ್ತು. ಎಲ್ಲ ಸರಿಯಾಗಿ ಕೂಡಿತು.

ಆಳನ್ನು ಕರೆಸಿ ಕಟ್ಟೆಯ ಮುಂದೆ ನಿಲ್ಲಿಸಿದರು. ಅಕ್ಕಪಕ್ಕದವರೂ ಬಂದು ನಿಂತರು. ಗಂಡ ಬಾಯಿಗೆ ಬಂದದ್ದು ಅಂದ. ಆಳು ಹೇಳಿದ್ದು ಒಂದೇ ಮಾತು: "ಡಬ್ಬಿ ದಿನಾ ಹಾಕೇನ್ರಿ ನಾ." ಇನ್ನೊಮ್ಮೆ ಕೇಳಿದರೂ ಅದೇ. ಮೂರನೆಯ ಸಲ ಕೇಳಿದಾಗ ಉತ್ತರವನ್ನೇ ಕೊಡಲಿಲ್ಲ. ಅಪರಾಧಿ ಅಂತಲೇ ಸುಮ್ಮನಾದ ಎಂದು ಜನ ತಿಳಿದರು. ನಮ್ಮಲ್ಲಿ ಆಳು ಇಡುವುದೂ ಬಿಡಿಸುವುದೂ ಯುಗಾದಿಗೆ. ಯುಗಾದಿಯವರೆಗೆ ಇರು, ಆಮೇಲೆ ನಿನ್ನ ದಾರಿ ನೋಡಿಕೋ ಎಂದು ಗಂಡ ತೀರ್ಮಾನ ಮಾಡಿದ. ಹದಿನೈದು ದಿನಕ್ಕೆ ಎಂಜಿನ್ನು ರಿಪೇರಿಯಾಗಿ ಬಂತು. ಅಂದಿನಿಂದ ದಿನಾ ಸಂಜೆ ಗಂಡ ಹೊಲಕ್ಕೆ ಹೋಗಿ, ಅವನ ಎದುರಿಗೇ ಡಬ್ಬಿ ಮುಟ್ಟಿ ನೋಡಿ ಬರುತ್ತಿದ್ದ. ಕಳ್ಳನ ಮಗ್ಗುಲಲ್ಲಿ ಮಲಗಿದವರು ಜೇಬು ಮುಟ್ಟಿಕೊಳ್ಳುವ ಹಾಗೆ.

ನಾನು ಆಗಲೂ ಏನೂ ತಿಳಿಯದವಳೇ. ಹಾಳಾದದ್ದಕ್ಕೆ ಆಳನ್ನು ಬೈದವರಲ್ಲಿ ನಾನೂ ಒಬ್ಬಳು, ಸುಳ್ಳೇಕೆ ಹೇಳಲಿ.

ನನ್ನ ತಲೆಗೆ ಹುಳ ಬಿಟ್ಟದ್ದು ಮಿಸ್ತ್ರಿಯ ಒಂದು ಚೇಷ್ಟೆಯ ಮಾತು. ಗಂಡ ಊಟ ಮಾಡುತ್ತ ಅದನ್ನು ನಗುತ್ತ ಹೇಳಿದ. ಪಿಸ್ಟನ್ನಿನ ಮೇಲೆ ಬೆಳ್ಳಗೆ ಏನೋ ಕಟ್ಟಿತ್ತಂತೆ. ಮಿಸ್ತ್ರಿ ಅದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿಕೊಂಡು, "ಎಂಜಿನ್ನ ಉಪ್ಪಿನಕಾಯಿ ಹಾಕೀರೇನ್ರಿ?" ಎಂದನಂತೆ. ಅತ್ತೆ ನಕ್ಕಳು, ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೆಯುವಾಗ ಕೈ ನಿಂತಿತು. ಮಳೆಯ ನೀರು ಉಪ್ಪಿರುವುದಿಲ್ಲ. ತಗಡಿನಿಂದ ಸೋರಿದ ನೀರನ್ನು ನಾನೇ ಎಷ್ಟೋ ಸಲ ಬೊಗಸೆಯಲ್ಲಿ ಹಿಡಿದು ಕುಡಿದಿದ್ದೇನೆ, ಸಪ್ಪಗೆ ಇರುತ್ತದೆ. ಹಾಗಾದರೆ ಎಂಜಿನ್ನಿನ ಹೊಟ್ಟೆಗೆ ಉಪ್ಪು ಎಲ್ಲಿಂದ ಬಂತು? ಉಪ್ಪಿದ್ದದ್ದು ಬಾವಿಯಲ್ಲಿ. ಬಾವಿಯ ನೀರು ತಾನಾಗಿ ಎದ್ದು ಎಂಜಿನ್ನಿನ ತಲೆ ಹತ್ತುವುದಿಲ್ಲ. ಹತ್ತಿಸುವವರು ಯಾರು?

ಉತ್ತರ ಗೊತ್ತಾಯಿತು. ಆದರೆ ನನಗೆ ನೋಡದೆ ಯಾವುದನ್ನೂ ನಂಬುವ ಚಟವಿಲ್ಲ, ನನ್ನದೇ ತಪ್ಪಾದರೂ ಸರಿ.

ಮರುದಿನ ಹೊಲಕ್ಕೆ ಹೋಗಿ, ರಿಪೇರಿಗೆ ಹೋಗದೆ ಇಲ್ಲೇ ಉಳಿದಿದ್ದ ಪಂಪನ್ನು ಸುತ್ತಿ ಸುತ್ತಿ ನೋಡಿದೆ. ನಾನು ಅದನ್ನೂ ತೊಳೆಯುತ್ತಿದ್ದೆ. ವಿಚಿತ್ರವೆಂದರೆ ನಾನು ಹೊಳಪಿಸಿದ ಕಡೆಯೆಲ್ಲ ತುಕ್ಕು. ನನ್ನ ಕೈ ತಲುಪದ ಸಂದಿಗಳಲ್ಲಿ, ಎಣ್ಣೆ ಧೂಳು ಕೂಡಿ ಕರಿ ಅಂಟಾಗಿ ಕೂತ ಕಡೆಯಲ್ಲಿ, ಉಗುರಿನಿಂದ ಕೆರೆದರೆ ಒಳಗೆ ಕಬ್ಬಿಣ ಹೊಸದಾಗಿಯೇ ಇತ್ತು. ಕೊಳಕು ಇದ್ದಲ್ಲಿ ಆರೋಗ್ಯ, ಶುದ್ಧ ಇದ್ದಲ್ಲಿ ರೋಗ. ಹುಟ್ಟಿದಾಗಿನಿಂದ ನನಗೆ ಕಲಿಸಿದ್ದು ಇದಕ್ಕೆ ಪೂರ್ತಿ ಉಲ್ಟಾ. ವಿಭೂತಿಯ ಮೂರು ಬೆರಳಿನ ಗುರುತು ಇದ್ದಲ್ಲಂತೂ ಕೆಂಪು ಗೆರೆ ಮೂರು ಸಾಲಾಗಿ ಎದ್ದಿತ್ತು.

ದೀಪಾವಳಿಯ ಪಣತಿಗಳು ಗೂಡಿನಲ್ಲಿ ಹಾಗೆಯೇ ಬಿದ್ದಿದ್ದವು. ಏಳು ಪಣತಿ ತಂದು ಬಚ್ಚಲ ಗೋಡೆಯ ಮೇಲೆ ಸಾಲಾಗಿ ಇಟ್ಟೆ. ಒಂದೊಂದರಲ್ಲಿ ಒಂದು ಮೊಳೆ. ಒಂದಕ್ಕೆ ಬಾವಿಯ ನೀರು, ಒಂದಕ್ಕೆ ವರತಿಯ ನೀರು. ಒಂದು ಮೊಳೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬಾವಿಯ ನೀರಲ್ಲಿ ತೊಳೆದು ಸುಮ್ಮನೆ ಇಟ್ಟೆ. ಇನ್ನೊಂದಕ್ಕೆ ವಿಭೂತಿ ಕಲಸಿ ಮೆತ್ತಿದೆ. ಒಂದಕ್ಕೆ ಎಂಜಿನ್ನಿನ ಕರಿ ಎಣ್ಣೆ, ಒಂದಕ್ಕೆ ನಮ್ಮ ಕುಸುಬಿ ಎಣ್ಣೆ. ಕೊನೆಯದಕ್ಕೆ ಏನು ಹಾಕಬೇಕೋ ತೋಚದೆ ಎಲೆ ಅಡಿಕೆಯ ಡಬ್ಬಿಯಲ್ಲಿದ್ದ ಸುಣ್ಣ ಹಾಕಿದೆ. ಎಣ್ಣೆ ಹಚ್ಚಿದವಕ್ಕೂ ಸುಣ್ಣದ್ದಕ್ಕೂ ದಿನಾ ಎರಡು ಹನಿ ಬಾವಿಯ ನೀರು ಬಿಡುತ್ತಿದ್ದೆ.

ಅತ್ತೆ ಬಚ್ಚಲಿಗೆ ಹೋಗಿ ನೋಡಿ ಬಂದು, "ಮೊಳಿಗೂ ಬಾಣಂತನ ಮಾಡಾಕ ಹತ್ತೀಯೇನು?" ಎಂದಳು. ಔಷಧಿ ಎಂದೆ. ಯಾರಿಗೆ ಎಂದು ಕೇಳಲಿಲ್ಲ, ಸದ್ಯ.

ಮೊದಲು ಸೋತದ್ದು ಹುಣಸೆಹಣ್ಣಿನದು. ಸಂಜೆ ಬೆಳ್ಳಿಯಂತೆ ಇದ್ದದ್ದು ಮುಂಜಾನೆ ಏಳುವಷ್ಟರಲ್ಲಿ ಕಂದಾಗಿತ್ತು, ಮೈಮೇಲೆ ನೀರು ನಿಂತಿರಲಿಲ್ಲ ಅಂದರೂ. ಬಾವಿಯ ನೀರಿನದು ಎರಡನೆಯ ದಿನ ಕೆಂಪು ಕಾರಿತು. ವರತಿಯದು ತಡೆಯಿತು, ಆಮೇಲೆ ಅದೂ ಹಿಡಿಯಿತು. ವಿಭೂತಿಯದನ್ನು ಯಾರದೋ ಕೋಳಿ ಕೆಡವಿತು, ಮತ್ತೆ ಮೆತ್ತಿ ಇಟ್ಟೆ. ನಾಲ್ಕು ದಿನಕ್ಕೆ ಬಿಳಿಯ ಒಳಗಿನಿಂದ ಕುಂಕುಮ ಹಣಿಕಿ ಹಾಕಿದಂತೆ ಕಂಡಿತು. ಒಣ ವಿಭೂತಿಯ ತಪ್ಪಲ್ಲ ಅದು, ಕಲಸಿದ ಸವಳು ನೀರನ್ನು ಅದು ಕಬ್ಬಿಣಕ್ಕೆ ಒತ್ತಿ ಹಿಡಿದುಕೊಂಡಿತ್ತು. ಕರಿ ಎಣ್ಣೆಯದಕ್ಕೆ ಏನೂ ಆಗಲಿಲ್ಲ. ಕುಸುಬಿ ಎಣ್ಣೆ ನನ್ನನ್ನು ಬೆರಗು ಮಾಡಿತು. ಎಂಟು ದಿನಕ್ಕೆ ಅದು ಒಣಗಿ ಅರಗಿನ ಹಾಗೆ ಮೊಳೆಗೆ ಗಟ್ಟಿಯಾಗಿ ಕಚ್ಚಿತ್ತು. ಮೇಲೆ ಬಿಟ್ಟ ಉಪ್ಪುನೀರು ಕೆಸುವಿನ ಎಲೆಯ ಮೇಲಿದ್ದಂತೆ ಉರುಳಿ ಹೋಗುತ್ತಿತ್ತು. ಶೇಂಗಾ ಎಣ್ಣೆ ಹಾಗೆ ಒಣಗುವುದಿಲ್ಲ, ಅದನ್ನೂ ಆಮೇಲೆ ನೋಡಿದೆ. ಇನ್ನು ಸುಣ್ಣದ ಮೊಳೆ. ಹಸಿ ಸುಣ್ಣದಲ್ಲಿ ಹುಗಿದದ್ದು, ತುಕ್ಕು ಹಿಡಿದು ಮುದ್ದೆಯಾಗಿರುತ್ತದೆ ಎಂದು ಎತ್ತಿ ನೋಡಿದರೆ ಅಂಗಡಿಯಿಂದ ತಂದ ಹಾಗೇ ಇತ್ತು. ಹಸಿಯೇ ವೈರಿ ಎಂದು ನಾನು ಆಗ ತಾನೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಸುಣ್ಣ ಅದನ್ನು ಮುರಿಯಿತು. ಅದು ಯಾಕೆ ಹಾಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದವರಿಗೂ ಗೊತ್ತಿರಲಿಲ್ಲ, ಗೊತ್ತಿದ್ದವರ ಹಾಗೆ ಮಾತಾಡಿದರು ಅಷ್ಟೇ.

ಸಂಕ್ರಾಂತಿಗೆ ತವರಿಗೆ ಹೋದೆ. ನನ್ನ ತವರು ಇಳಕಲ್ಲು. ಅಣ್ಣ ಸೀರೆ ನೇಯುವವನು. ಮಗ್ಗದ ಕುಣಿಯ ತಂಪಿನಲ್ಲಿ ಕೂತು, ನೂಲಿಗೆ ಗಂಜಿ ಹಚ್ಚಿ ನೇಯುವ ಕೆಲಸ, ಹಸಿಗೇನು ಕಡಿಮೆಯಿಲ್ಲ. ಅವನ ಲಾಳಿಯ ಎರಡೂ ತುದಿಗೆ ಕಬ್ಬಿಣದ ಮೊನೆ. ಅದಕ್ಕೆ ಒಂದು ಚುಕ್ಕೆ ತುಕ್ಕು ಹಿಡಿದರೆ ಸೆರಗಿನ ಬಿಳಿ ನೂಲಿನ ಮೇಲೆ ಕಲೆ ಬೀಳುತ್ತದೆ, ಇಡೀ ಸೀರೆ ಹಾಳು. ಇಷ್ಟು ವರ್ಷ ಅದನ್ನು ಹೇಗೆ ಕಾಯ್ದೆ ಎಂದು ಕೇಳಿದೆ. ಅವನು ಬಾಯಲ್ಲಿ ಹೇಳಲಿಲ್ಲ. ಲಾಳಿಯನ್ನು ಎತ್ತಿ ತನ್ನ ತಲೆಗೂದಲಲ್ಲಿ ಎರಡು ಸಲ ಎಳೆದು ತೋರಿಸಿದ. ಕೂದಲಿನ ಎಣ್ಣೆಯ ಪಸೆ ಸಾಕು, ನೂಲಿಗೆ ತಾಗದಷ್ಟು, ಕಬ್ಬಿಣಕ್ಕೆ ಬೇಕಾದಷ್ಟು. ಎಷ್ಟೋ ಸಲ ಅವನು ಹಾಗೆ ಮಾಡುವುದನ್ನು ನೋಡಿದ್ದೆ, ತಲೆ ತುರಿಸಿಕೊಳ್ಳುತ್ತಾನೆ ಎಂದು ತಿಳಿದಿದ್ದೆ.

ನನ್ನ ಹುಣಸೆಹಣ್ಣಿನ ಕತೆ, ಆಳು ಬೈಸಿಕೊಂಡದ್ದು, ಎಲ್ಲ ಅವನಿಗೆ ಹೇಳಿದೆ. ಅವನು ಮಗ್ಗ ನಿಲ್ಲಿಸಿ ನಕ್ಕ. ಆಮೇಲೆ ಕೇಳಿದ: "ಆ ಮನಷ್ಯಾ ಈಗೇನ ಮಾಡಾಕತ್ತಾನ?"

ಯುಗಾದಿಗೆ ನಮ್ಮ ಕೆಲಸ ಬಿಡುತ್ತಾನೆ ಎಂದೆ.

"ನೀ ಮನ್ಯಾಗ ಹೇಳಿಯೇನು?"

ಇಲ್ಲ ಎಂದೆ. ಅವನು ಮತ್ತೆ ಲಾಳಿ ಎಸೆಯಲು ಶುರು ಮಾಡಿದ.

ತಿಳಿದ ಮೇಲೂ ನಾನು ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಹೆದರಿಕೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಅಷ್ಟೇ ಅಲ್ಲ. ಆ ಹೊಳೆಯುವ ಗಾಲಿಗೆ ಜನ ನನ್ನನ್ನು ಹೊಗಳಿದ್ದರು, ಅದನ್ನು ಕೈಯಾರೆ ವಾಪಸು ಕೊಡಲು ಮನಸ್ಸಾಗಲಿಲ್ಲ. ಸೋಮವಾರ ಒಬ್ಬಳೇ ಹೋಗಿ ನೀರು ಮುಟ್ಟಿಸದೆ ಒಂದು ಚಿಟಿಕೆ ಒಣ ವಿಭೂತಿ ಹಚ್ಚಿ ಬರುತ್ತಿದ್ದೆ. ಎಂಜಿನ್ನು ಚೆನ್ನಾಗಿ ನಡೆಯಿತು, ಮಂಗಳವಾರವೂ ನಡೆಯಿತು. ಗಂಡ ತಾನು ಡಬ್ಬಿ ನೋಡಿ ಬರುವುದರಿಂದಲೇ ಎಂದು ತಿಳಿದ. ಅಂದರೆ ನಾನು ಸುಮ್ಮನಿದ್ದಷ್ಟೂ ದಿನ ಆಳಿನ ತಪ್ಪು ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಯುಗಾದಿಗೆ ನಾಲ್ಕು ದಿನ ಇರುವಾಗ ಗಂಡ ಮರೋಳದ ಕಡೆಯಿಂದ ಬಂದು ಸುದ್ದಿ ಹೇಳಿದ. ಅಲ್ಲಿಯ ಒಬ್ಬ ಒಕ್ಕಲಿಗ ಹೊಸ ಎಂಜಿನ್ನು ತಂದಿದ್ದಾನೆ, ನಮ್ಮ ಆಳು ಅವನ ಹತ್ತಿರ ಕೆಲಸ ಕೇಳಿ ಹೋಗಿದ್ದ. ಒಕ್ಕಲಿಗ ನನ್ನ ಗಂಡನನ್ನು ವಿಚಾರಿಸಿದ. "ಎಂಜಿನ್ನ ಕೊಟ್ರ ತುಕ್ಕು ಹಿಡಸಿ ಕೊಡ್ತಾನ ಅಂತ ಹೇಳಿ ಬಂದೆ," ಎಂದ ಗಂಡ, ಕೈ ತೊಳೆಯುತ್ತ. ಇನ್ನು ಆಳು ಬಾದಾಮಿ ಕಡೆ ಯಾರದೋ ಕುರಿಯ ಹಿಂಡಿನ ಜೊತೆ ಹೋಗುತ್ತಾನಂತೆ, ಹೆಂಡತಿ ಮಕ್ಕಳನ್ನು ಇಲ್ಲೇ ಬಿಟ್ಟು. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವವನು ಇನ್ನು ಜನ್ಮದಲ್ಲಿ ಎಂಜಿನ್ನು ಮುಟ್ಟುವುದಿಲ್ಲ. ನನಗೆ ಆಗ ಕಂಡದ್ದು ಅದು. ಅಲ್ಲಿಯವರೆಗೆ ಒಬ್ಬ ಆಳು ಒಂದು ಮನೆ ಬಿಟ್ಟು ಇನ್ನೊಂದು ಮನೆ ಸೇರುತ್ತಾನೆ ಎಂದಷ್ಟೇ ಅಂದುಕೊಂಡಿದ್ದೆ.

ಗಂಡನ ಮುಂದೆ ತಾಟು ಇಟ್ಟು, ರೊಟ್ಟಿ ಹಾಕುವ ಮೊದಲೇ ಹೇಳಿದೆ. ಡಬ್ಬಿ ತೆಗೆದವಳು ನಾನು, ನೀರು ಹೊಯ್ದವಳು ನಾನು, ಉಪ್ಪು ಬಾವಿಯದು. ಬಚ್ಚಲಿನಿಂದ ಪಣತಿಗಳನ್ನು ತಂದು ಒಂದೊಂದಾಗಿ ಮುಂದಿಟ್ಟೆ. ಅತ್ತೆ ಮೊಳೆಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ವಿಭೂತಿಯದನ್ನು ಎರಡು ಸಲ ನೋಡಿದಳು.

"ನಲವತ್ತು ವರ್ಷ ಎತ್ತಿನ ಮೈ ತೊಳದೇನಿ. ಯಾವ ಎತ್ತಿಗೆ ತುಕ್ಕು ಹಿಡದೈತಿ?"

"ಎತ್ತಿಗೆ ತೊಗಲ ಐತ್ರಿ ಅತ್ತಿ. ಇದಕ್ಕ ಇಲ್ಲ. ನಾವ ಎಣ್ಣಿ ಹಚ್ಚಿ ತೊಗಲ ಮಾಡಬೇಕು."

ಅತ್ತೆ ಸುಣ್ಣದ ಮೊಳೆಯನ್ನು ಎತ್ತಿ, ಇದಕ್ಕೇನು ಹಾಕಿದ್ದೆ ಎಂದು ಕೇಳಿದಳು. ಹೇಳಿದೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಲೇ ಇದ್ದಳು. ಆಕೆಗೂ ಅದೇ ಸೋಜಿಗ. ತಪ್ಪಿನ ಮಾತು ಆಕೆಯ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಗಂಡನಿಗೆ ಮುಗಿಯಲಿಲ್ಲ. ಕಟ್ಟೆಯ ಮುಂದೆ ನಿಲ್ಲಿಸಿ ಬೈದವನು ಅವನು, ಮರೋಳಕ್ಕೆ ಹೋಗಿ ಹೇಳಿ ಬಂದವನೂ ಅವನೇ. ಆಳನ್ನು ಹೊಲದಲ್ಲಿ ಬೇಕಾದರೆ ಇಟ್ಟುಕೊಳ್ಳೋಣ, ಆದರೆ ಮಾತು ಹೊರಗೆ ಹೋಗಬಾರದು ಎಂದ. ಅವನು ಕೈ ಮುಗಿದು ತಪ್ಪಾಯಿತು ಅಂದ, ನಾವು ಮತ್ತೆ ಇಟ್ಟುಕೊಂಡೆವು ಎಂದು ಊರಿಗೆ ಹೇಳಿದರಾಯಿತು. "ಮನಿ ಹೆಣ್ಣಮಗಳ ಹೆಸರ ಊರ ಬಾಯಾಗ ಯಾಕ?" ಎಂದ. ನಾನು ರೊಟ್ಟಿ ಹಾಕಿದೆ, ಪಲ್ಯ ಹಾಕಿದೆ. ಊಟ ಮಾಡಿ ಎದ್ದ.

ಮರುದಿನ ಮುಂಜಾನೆ ಕಸ ಹೊಡೆದು, ಕೂಸಿಗೆ ಹಾಲು ಕೊಟ್ಟು, ಆಳಿನ ಓಣಿಗೆ ಹೋದೆ. ಅವನು ಅಂಗಳದಲ್ಲಿ ಕೂತು ಕಂಬಳಿ ಮಡಿಚುತ್ತಿದ್ದ, ಹೆಂಡತಿ ಬುತ್ತಿಗೆ ರೊಟ್ಟಿ ಕಟ್ಟುತ್ತಿದ್ದಳು. ನಾನು ಬಾಗಿಲ ಹೊರಗೆ ನಿಂತು, ಎಡಬಲದ ಮನೆಗಳಿಗೆ ಕೇಳುವಷ್ಟು ದನಿ ಮಾಡಿ ಎಲ್ಲ ಹೇಳಿದೆ, ಕೆಲಸ ಬಿಡಬೇಡ ಎಂದೆ. ಅವನು ಮಡಿಚುವುದನ್ನು ನಿಲ್ಲಿಸಿ ಕೇಳಿದ. ಮುಗಿದ ಮೇಲೆ ಅವನ ಬಾಯಿಂದ ಬಂದದ್ದು ಒಂದು ಪ್ರಶ್ನೆ.

"ಎಷ್ಟ ಕೊಡಾ ಹಾಕತಿದ್ರಿ ಅವ್ವಾರ?"

"ಐದು. ಶ್ರಾವಣದಾಗ ಒಂಬತ್ತು."

ಅವನು ಒಂದಷ್ಟು ಹೊತ್ತು ಲೆಕ್ಕ ಹಾಕುವವನಂತೆ ನೆಲ ನೋಡಿದ. "ಒಂಬತ್ತು ಕೊಡಾ ಕುಡದೂ ಅಷ್ಟ ದಿನ ನಡದೈತಲ್ರಿ," ಎಂದ. "ಭಾರಿ ಎಂಜಿನ್ನ ಬಿಡ್ರಿ ಅದು." ಅವನ ಹೆಂಡತಿಗೆ ನಗು ಬರಲಿಲ್ಲ. ಬುತ್ತಿಯ ಗಂಟು ಕೆಳಗಿಟ್ಟು ನನ್ನನ್ನು ನೋಡಿದಳು. "ಐದು ತಿಂಗಳಾತು, ನೀರಿಗೆ ಹೋದ್ರ ಮಂದಿ ನನ್ನ ನೋಡಿ ಡಬ್ಬಿ ಡಬ್ಬಿ ಅಂತಾರ. ಚಾ ಕುಡೀರಿ ಅಂತ ನಾ ಅನ್ನಂಗಿಲ್ಲ." ಬೇಡ ಎಂದೆ. ಗಂಡ ಹೆಂಡತಿ ಒಳಗೆ ಹೋಗಿ ಏನೋ ಮಾತಾಡಿದರು. ಅವನು ಹೊರಗೆ ಬಂದು, ಡಬ್ಬಿಯನ್ನು ತನ್ನ ಹೊರತು ಯಾರೂ ಮುಟ್ಟಬಾರದು, ಧಣಿಯೂ ಮುಟ್ಟಬಾರದು, ಹಾಗಿದ್ದರೆ ಬರುತ್ತೇನೆ ಎಂದ. ಆಗಲಿ ಎಂದೆ. ಗಂಡನನ್ನು ಕೇಳಿರಲಿಲ್ಲ.

ಅಲ್ಲಿಂದ ಮನೆಗೆ ಹೋಗಲಿಲ್ಲ. ಪಕ್ಕದ ಮನೆಯ ಬಾಗಿಲಿಗೆ ಹೋಗಿ ಅದನ್ನೇ ಹೇಳಿದೆ, ಅದರ ಪಕ್ಕದ ಮನೆಗೂ ಹೇಳಿದೆ, ಓಣಿ ಮುಗಿಸಿ ನಮ್ಮ ಓಣಿಗೆ ಬಂದು ಅಲ್ಲಿಯೂ ಹೇಳಿದೆ. ಮೊದಲ ಬಾಗಿಲಲ್ಲಿ ಮಾತು ಉದ್ದವಾಗಿತ್ತು. ಆರನೆಯ ಬಾಗಿಲಿಗೆ ಬರುವಷ್ಟರಲ್ಲಿ ಅದು ಒಂದೇ ಸಾಲಾಗಿತ್ತು: ಎಂಜಿನ್ನ ಕೆಡಿಸಿದಾಕಿ ನಾ, ಅಂವ ಅಲ್ಲ. ಬಿಸಿಲು ಏರಿ ವರತಿಯ ಕಡೆ ಕೊಡ ಹೊತ್ತ ಹೆಂಗಸರು ಹೊರಟಿದ್ದರು. ವರತಿಯಲ್ಲಿ ಹೇಳುವುದು ಇನ್ನೂ ಬಾಕಿಯಿತ್ತು. ನಾನೂ ಅವರ ಹಿಂದೆ ನಡೆದೆ, ಕೈಯಲ್ಲಿ ಕೊಡ ಇರಲಿಲ್ಲ.